ಫಲ್ಗುಣಿ ಕಣಿವೆಯ ಸೈಕಲ್ ದಾರಿ

ಮೂಡುಬಿದಿರೆಯಿಂದ ವೇಣೂರಿಗೆ ಸುಮಾರು 20 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ ಅದು ಒಂದು ಸಣ್ಣ ತೂಕಡಿಕೆಯಷ್ಟೇ ದೂರ. ಸೈಕಲ್ ಏರಿದವರಿಗಾದರೋ ಅದು ಒಂದು ಇಡೀ ಬೆಳಗು. ಗಣಿತದ ನಿವೃತ್ತ ಮಾಸ್ತರರೊಬ್ಬರು ಈ ದಾರಿಯನ್ನೂ ಇದರ ಎಡಬಲದ ಕವಲುಗಳನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ತುಳಿದವರು. ಶಾಲೆಗೆ ಹೋಗಿಬರಲು ಅವರಿಗಿದ್ದುದು ಸೈಕಲ್ ಒಂದೇ. ನಿವೃತ್ತಿಯ ಬಳಿಕವೂ ಅವರು ಅದನ್ನು ಬಿಡಲಿಲ್ಲ. ಅಗತ್ಯಕ್ಕೆ ತುಳಿಯುತ್ತಿದ್ದುದನ್ನು ಸಂತೋಷಕ್ಕೆ ತುಳಿಯತೊಡಗಿದರು. ಈ ಚಿಕ್ಕ ಬದಲಾವಣೆಯೇ ಅವರನ್ನು ಮುಂದೆ ಬಹುವಾಗಿ ಕಾಡಿತು.

ತುಳುನಾಡಿನ ನೆಲವನ್ನು ಹಿರಿಯರು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದರು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ ಗದ್ದೆ ಬೆಟ್ಟು; ಎರಡು ಬೆಳೆಯ ನಡುನೆಲ ಮಜಲು; ವರ್ಷವಿಡೀ ತಂಪು ಆರದ ತಗ್ಗು ಬೈಲು. ಸೈಕಲ್ ಸವಾರನಿಗೆ ಈ ವಿಂಗಡಣೆ ಕಾಲಿನ ಮಾಂಸಖಂಡಗಳಲ್ಲಿಯೇ ತಿಳಿಯುತ್ತದೆ. ಡಾಮರು ರಸ್ತೆ ಬಹುಮಟ್ಟಿಗೆ ಗುಡ್ಡದ ಮೇಲೆಯೇ ಸಾಗುತ್ತದೆ. ಅಲ್ಲಿ ಮುರಕಲ್ಲಿನ ಕೆಂಪು, ಗೇರುಮರ, ಬಿಸಿಲು. ಹೊಳೆಯನ್ನು ಕಾಣಬೇಕೆಂದರೆ ಕವಲುದಾರಿ ಹಿಡಿದು ಬೈಲಿಗಿಳಿಯಬೇಕು. ಇಳಿದಷ್ಟನ್ನೂ ಮತ್ತೆ ಏರಬೇಕು. ಗೇರು ಇಲ್ಲದ ಸೈಕಲ್ಲಾದರೆ ಇಳಿದು ತಳ್ಳಬೇಕು. ಕೆಳಗೆ ಅಡಿಕೆ ತೋಟದ ನೆರಳು, ತೋಡಿಗೆ ಅಡ್ಡ ಹಾಕಿದ ಕಾಲುಸಂಕ, ಅದರಾಚೆ ಫಲ್ಗುಣಿ. ಮೂಡುಬಿದಿರೆಯವರು ಕುಡಿಯುವುದು ಪುಚ್ಚಮೊಗರಿನಲ್ಲಿ ಎತ್ತಿದ ಇದೇ ನೀರನ್ನು. ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡಿ ಕಡಲು ಸೇರುವುದೂ ಇದೇ ಹೊಳೆ.

ದಾರಿಯ ಎರಡು ತುದಿಗಳ ಹಿರಿಮೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತುದಿಯಲ್ಲಿ 1430ರ ತ್ರಿಭುವನತಿಲಕ ಚೂಡಾಮಣಿ ಬಸದಿ. ಇನ್ನೊಂದರಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ. ಕಾರ್ಕಳದ ಅರಸರು ಆ ಮೂರ್ತಿಗಾಗಿ ಏರಿಬಂದಾಗ ಅಜಿಲರು ಅದನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿಟ್ಟರೆಂದು ಐತಿಹ್ಯ. ಕತೆ ನಿಜವೋ ಅಲ್ಲವೋ, ಮೂರ್ತಿಯನ್ನೇ ಮುಚ್ಚುವಷ್ಟು ಮರಳು ಆ ಹೊಳೆಯಲ್ಲಿತ್ತೆಂದು ಜನ ನಂಬಿದ್ದರೆಂಬುದಂತೂ ನಿಜ.

2017ರ ಜೂನ್ ತಿಂಗಳು. ಮೊದಲ ಮಳೆ ಸುರಿದು ಬಿಟ್ಟಿದ್ದ ಒಂದು ಸಂಜೆ ಮಾಸ್ತರರು ಎಂಟು ವರ್ಷದ ಮೊಮ್ಮಗನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಹೊಳೆಯ ಕೆಂಪುನೀರು ತೋರಿಸಲು ಹೊರಟರು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಿದು; ಅದರ ಬಹುಪಾಲು ನಾಲ್ಕು ತಿಂಗಳಲ್ಲಿಯೇ. ಆ ಮೊದಲ ಮಳೆಗೆ ನೆಲದೊಳಗಿನ ಜೀವರಾಶಿಯೆಲ್ಲ ಒಮ್ಮೆಲೇ ಹೊರಬರುತ್ತದೆ: ಸಹಸ್ರಪದಿ, ಎರೆಹುಳು, ಇಂದ್ರಗೋಪ, ಏಡಿ, ಕಪ್ಪೆ, ರೆಕ್ಕೆ ಬಂದ ಗೆದ್ದಲು. ಬೈಲಿಗಿಳಿಯುವ ಇಳಿಜಾರಿನಲ್ಲಿ ಮಾಸ್ತರರ ಕಣ್ಣು ಅಡಿಕೆ ಮರಗಳ ಸಂದಿಯಲ್ಲಿ ಕಾಣುತ್ತಿದ್ದ ಹೊಳೆಯ ಮೇಲಿತ್ತು. ಮುಂದಿನ ಚಕ್ರ ಮೆತ್ತನೆಯದೇನನ್ನೋ ಹಾದುಹೋಯಿತು. ಅವರು ಬ್ರೇಕ್ ಹಿಡಿಯಲಿಲ್ಲ.

"ಅಜ್ಜ, ಏನದು?" ಎಂದು ಹುಡುಗ ಕೇಳಿದ.

"ಕಲ್ಲು, ಪುಟ್ಟಾ" ಎಂದರು.

ಅದು ಕಪ್ಪೆಯೆಂದು ಅವರಿಗೆ ಗೊತ್ತಿತ್ತು. ಮರಳುವಾಗ ಅದೇ ಸ್ಥಳದಲ್ಲಿ ಎಡಕ್ಕೆ ಸರಿದು, ಮಗುವಿಗೆ ಬಲಗಡೆಯ ತೋಟವನ್ನು ತೋರಿಸಿದರು. ಒಂದು ಹಿಂಸೆ, ಅದರ ಮೇಲೊಂದು ಅಸತ್ಯ, ಅದರ ಮೇಲೊಂದು ಮರೆಮಾಚುವಿಕೆ. ಎಲ್ಲವೂ ಅರ್ಧ ಗಂಟೆಯೊಳಗೆ.

ಮೂವತ್ತು ವರ್ಷದ ಮಳೆಗಾಲಗಳಲ್ಲಿ ಇದೇ ಚಕ್ರದಡಿ ಎಷ್ಟು ಜೀವಗಳು ಹೋಗಿದ್ದಾವು? ಆಗ ಈ ಪ್ರಶ್ನೆ ಅವರನ್ನು ಬಾಧಿಸಿರಲಿಲ್ಲ. ಶ್ರಾವಕನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುತ್ತಾರಷ್ಟೆ. ಜೀವನೋಪಾಯಕ್ಕೆ ಸೈಕಲ್ ತುಳಿದಾಗ ಆದದ್ದು ಉದ್ಯೋಗೀ ಹಿಂಸೆ. ಅದು ತಪ್ಪಿಸಲಾಗದ್ದು ಎಂಬ ಸಮಾಧಾನವಿತ್ತು. ಈಗಿನದನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಕೊಲ್ಲುವ ಸಂಕಲ್ಪವಿರಲಿಲ್ಲ, ನಿಜ. ಅಗತ್ಯವೂ ಇರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಮಾದಚರ್ಯೆಯ ಕೆಳಗೆ ನಿಷ್ಪ್ರಯೋಜನವಾಗಿ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ. ಮಾಸ್ತರರು ಆ ಭಾಗವನ್ನು ಹಿಂದೆಯೂ ಓದಿದ್ದರು. ಆದರೆ ಅದು ಸೈಕಲ್ಲಿಗೂ ತಗುಲುತ್ತದೆಂದು ಅವರಿಗೆ ಹೊಳೆದದ್ದು ಆ ಸಂಜೆಯ ಬಳಿಕವೇ.

ಗಣಿತದವರಾದ್ದರಿಂದ ಲೆಕ್ಕವನ್ನೂ ಹಾಕಿ ನೋಡಿದರು. ಮುನಿಗಳ ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯಬೇಕೆಂದಿದೆ. ನಾಲ್ಕು ಮೊಳವೆಂದರೆ ಆರು ಅಡಿ. ಗಂಟೆಗೆ 15 ಕಿಲೋಮೀಟರು ವೇಗದ ಸೈಕಲ್ ಸೆಕೆಂಡಿಗೆ ನಾಲ್ಕು ಮೀಟರಿಗೂ ಮಿಕ್ಕಿ ಸಾಗುವುದರಿಂದ ಆ ಆರು ಅಡಿಯನ್ನು ಅರ್ಧ ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಕಣ್ಣು ಕಂಡದ್ದನ್ನು ಕೈ ತಿಳಿದು ಬ್ರೇಕ್ ಹಿಡಿಯಲು ಅಷ್ಟು ಕಾಲ ಸಾಲದು. ಸಮಿತಿ ಮುನಿಧರ್ಮ, ಗೃಹಸ್ಥನಿಗೆ ಅದರ ಕಟ್ಟಳೆಯಿಲ್ಲ ಎಂಬ ವಾದ ಸರಿಯೇ. ಆದರೂ ಆ ಅಂಕಿ ಅವರ ಮನಸ್ಸಿನಿಂದ ಹೋಗಲಿಲ್ಲ.

ಮರುವರ್ಷ, 2018ರ ಜೂನ್ 25ರಂದು, ಹೊಳೆಯ ಕೆಳಭಾಗದಲ್ಲಿ ಕುಪ್ಪೆಪದವು ಮತ್ತು ಬಂಟ್ವಾಳದ ಕಡೆಗಳನ್ನು ಜೋಡಿಸುತ್ತಿದ್ದ ಮೂಲರಪಟ್ಣದ ಸೇತುವೆ ಕುಸಿದುಬಿತ್ತು. ಮಿತಿಮೀರಿ ಮರಳು ತೆಗೆದದ್ದೇ ಕಾರಣವೆಂದು ಜನರು ದೂರಿದರು. ಬಾಹುಬಲಿಯನ್ನು ಕಾಪಾಡಿತೆಂದು ಹೇಳುವ ಮರಳನ್ನು ಮನೆ ಕಟ್ಟಲು ಕೊಂಡವರಲ್ಲಿ ನಮ್ಮವರೂ ಇರಲಾರರೆ? ಇದು ಬೇರೆಯೇ ಲೇಖನಕ್ಕೆ ವಸ್ತು. ಮಾಸ್ತರರ ಮಟ್ಟಿಗೆ ಆದದ್ದಿಷ್ಟು: ಅವರ ದೀರ್ಘವಾದ ಸೈಕಲ್ ಸುತ್ತು ಆ ಸೇತುವೆಯ ಮೇಲೆ ಹೋಗುತ್ತಿತ್ತು, ಈಗ ಹೊಳೆಯೇ ಅಡ್ಡ ನಿಂತಿತು. ದಿಗ್ವ್ರತದಲ್ಲಿ ಶ್ರಾವಕನು ತನ್ನ ಸಂಚಾರಕ್ಕೆ ಹೊಳೆ, ಬೆಟ್ಟ, ಕಾಡುಗಳನ್ನು ಗಡಿಯಾಗಿ ಇಟ್ಟುಕೊಳ್ಳುವುದುಂಟು. ವಿಧಿ ತಾನಾಗಿ ಹಾಕಿದ ಗಡಿಯನ್ನು ಅವರು ವ್ರತವಾಗಿ ಸ್ವೀಕರಿಸಿದರು: ಮಳೆಗಾಲದ ನಾಲ್ಕು ತಿಂಗಳು ಸೈಕಲ್ ಬಸದಿಗೆ ಮತ್ತು ಅಂಗಡಿಗೆ ಮಾತ್ರ; ಬೈಲಿಗಿಳಿಯುವುದಿಲ್ಲ, ಹೊಳೆ ದಾಟುವುದಿಲ್ಲ. ಮುಂದೆ ಅಲ್ಲಿ ಹೊಸ ಸೇತುವೆ ಬಂದರೂ ಗಡಿ ಹಾಗೆಯೇ ಉಳಿಯಿತು. ಕಷ್ಟವಾಗಲಿಲ್ಲವೆಂದಲ್ಲ. ಕಣಿವೆಗೆ ಹೊಸ ಹಸುರು ಬರುವುದು ಆ ತಿಂಗಳುಗಳಲ್ಲಿಯೇ.

2023ರಲ್ಲಿ, ಮರುವರ್ಷದ ವೇಣೂರು ಮಹಾಮಸ್ತಕಾಭಿಷೇಕಕ್ಕೆ ಮುನ್ನ, ಒಂದು ಬಸದಿಯ ಟ್ರಸ್ಟಿನ ಯುವಕರು ಮೂಡುಬಿದಿರೆಯಿಂದ ವೇಣೂರಿಗೆ ಸೈಕಲ್ ಯಾತ್ರೆ ಮಾಡುವುದೆಂದು ನಿಶ್ಚಯಿಸಿದರು. ನಲವತ್ತು ಮಂದಿ, ಶ್ರಾವಣದ ಒಂದು ಭಾನುವಾರ, ಹೊಳೆಬದಿಯ ದಾರಿ. ಕರಪತ್ರವೂ ಅಚ್ಚಾಗಿತ್ತು. ದಾರಿ ಗುರುತಿಸಿಕೊಡಲು ಮಾಸ್ತರರನ್ನು ಸಭೆಗೆ ಕರೆದರು. ಅವರು ದಾರಿಯ ಮಾತು ಬಿಟ್ಟು ತಿಂಗಳಿನ ಮಾತೆತ್ತಿದರು.

"ನಾವು ಹೋಗದಿದ್ದರೆ ಬಸ್ಸು ಹೋಗುತ್ತದೆ ಮಾಸ್ತ್ರೇ, ಅದರ ಚಕ್ರದಡಿ ಸಾಯುವುದು ಇನ್ನೂ ಹೆಚ್ಚಲ್ಲವೆ?" ಎಂದು ಒಬ್ಬ ತರುಣ ಕೇಳಿದ. ಹಿರಿಯ ಸದಸ್ಯರೊಬ್ಬರು, "ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರೆಲ್ಲ ಪಾಪಿಗಳೆನ್ನುತ್ತೀರಾ?" ಎಂದರು. ಎರಡೂ ಸತ್ವವುಳ್ಳ ಪ್ರಶ್ನೆಗಳು. ಗದ್ದೆಗಿಳಿದವನು ಊರಿಗೆ ಅನ್ನ ಕೊಡುತ್ತಾನೆ, ಬಸ್ಸು ಕೆಲಸಕ್ಕೆ ಹೋಗುವವರನ್ನು ಒಯ್ಯುತ್ತದೆ, ತಿಂಗಳನ್ನು ಆರಿಸುವ ಸ್ವಾತಂತ್ರ್ಯ ಅವರಿಗಿಲ್ಲ, ನಮಗಿದೆ ಎಂದು ಮಾಸ್ತರರು ಉತ್ತರಿಸಿದರು. ಸಭೆಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಆಗ ಅವರು 2017ರ ಕಪ್ಪೆಯ ಸಂಗತಿಯನ್ನು ಹೇಳಿದರು. ಹದಿನಾಲ್ಕು ತುಂಬಿದ್ದ ಮೊಮ್ಮಗನೂ ಹೊರಡುವವರ ಪಟ್ಟಿಯಲ್ಲಿದ್ದ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅವನ ಮುಂದೆಯೇ, ಅದು ಕಲ್ಲೆಂದು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡರು. ಮನೆಗೆ ಮರಳುವ ದಾರಿಯಲ್ಲಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೆ ಅವತ್ತೇ ಗೊತ್ತಿತ್ತು ಅಜ್ಜ. ನಾನು ಹಿಂದೆ ತಿರುಗಿ ನೋಡಿದ್ದೆ" ಎಂದ.

ಯಾತ್ರೆ 2024ರ ಜನವರಿಗೆ ಮುಂದೆ ಹೋಯಿತು. ಇಪ್ಪತ್ತೆಂಟು ಮಂದಿ ಮಾತ್ರ ಬಂದರು. ಹಸುರು ಇರುವುದಿಲ್ಲವೆಂದು ಕೆಲವರು ಹಿಂದೆ ಸರಿದಿದ್ದರು. ಮಾಸ್ತರರು ಹಾಕಿಕೊಟ್ಟ ಕ್ರಮ ಸರಳವಾಗಿತ್ತು. ಸೂರ್ಯೋದಯವಾಗಿ ನೆಲ ಚೆನ್ನಾಗಿ ಕಾಣುವವರೆಗೆ ಹೊರಡಬಾರದು. ಗಾಳಿಸಿದ ನೀರನ್ನು ಮನೆಯಿಂದಲೇ ತರಬೇಕು. ಸಾಲಾಗಿ ಸಾಗಬೇಕು, ಪೈಪೋಟಿ ಕೂಡದು. ಹೊಸಂಗಡಿಯಲ್ಲಿ ವಿಶ್ರಾಂತಿ, ಮಧ್ಯಾಹ್ನಕ್ಕೆ ಮುಂಚೆ ವೇಣೂರು. ಸಂಜೆಯ ಊಟ ಸೂರ್ಯಾಸ್ತಕ್ಕೆ ಮೊದಲು ಮುಗಿಯಬೇಕಾದ್ದರಿಂದ ಮೂರು ಗಂಟೆಗೆ ಅಲ್ಲಿಂದ ಹೊರಡಲೇಬೇಕು.

ಅಂಗಳಗಳಲ್ಲಿ ಅಡಿಕೆ ಒಣಗುತ್ತಿತ್ತು. ನೆಲ ಗಟ್ಟಿಯಾಗಿ, ಒಣಗಿ, ಬರಿದಾಗಿತ್ತು. ದಾರಿಯಲ್ಲಿ ಇರುವೆಸಾಲುಗಳು ಇಲ್ಲದಿರಲಿಲ್ಲ, ಮುಂದಿದ್ದವರು ಕೈಯೆತ್ತಿ ತೋರಿಸಿದಲ್ಲಿ ಹಿಂದಿನವರು ಸರಿದು ಹೋದರು. ಕವಲು ಹಿಡಿದು ಹೊಳೆಗಿಳಿಯುವ ಆ ಇಳಿಜಾರು ಬಂದಾಗ ಮೊಮ್ಮಗ ಸೈಕಲ್ಲಿನಿಂದ ಇಳಿದು ಹ್ಯಾಂಡಲ್ ಹಿಡಿದು ನಡೆದ. ಮಾಸ್ತರರೂ ಇಳಿದರು. ಹಿಂದಿದ್ದವರು ಕಾರಣ ಕೇಳಲಿಲ್ಲ. ಇಳಿಜಾರು ಕಡಿದಾಗಿದೆ ಎಂದುಕೊಂಡು ಅವರೂ ಒಬ್ಬೊಬ್ಬರಾಗಿ ಇಳಿದರು.