ಬೆನ್ನಿಲ್ಲದ ಹೆಡ್‌ಫೋನು

ಹೆಡ್‌ಫೋನು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊರಗಿನ ಲೋಕಕ್ಕೆ ಕದವಿಕ್ಕುವ ಒಂದು ಸಾಧನ. ಬಸ್ಸಿನಲ್ಲಿ, ರೈಲಿನಲ್ಲಿ, ಉದ್ಯಾನದ ಕಲ್ಲುಬೆಂಚಿನ ಮೇಲೆ ಅದನ್ನು ಧರಿಸಿ ಕುಳಿತವರನ್ನು ನಾವು ಮಾತನಾಡಿಸುವುದಿಲ್ಲ. ಮಾತನಾಡಿಸಿದರೂ ಅವರಿಗೆ ಕೇಳಿಸುವುದಿಲ್ಲ. ಆದರೆ ಹೆಡ್‌ಫೋನುಗಳಲ್ಲಿ ಇನ್ನೊಂದು ಬಗೆಯುಂಟು. ಅದರ ಬಟ್ಟಲುಗಳಿಗೆ ಬೆನ್ನಿಲ್ಲ. ಗಟ್ಟಿಯಾದ ಮುಚ್ಚಳವಿರಬೇಕಾದೆಡೆಯಲ್ಲಿ ಬರಿಯ ಜಾಲರಿಯಿರುತ್ತದೆ. ಒಳಗಿನ ಹಾಡು ಹೊರಗೆ ಸೋರುತ್ತದೆ. ಹೊರಗಿನ ಸದ್ದು ಒಳಗೆ ಬರುತ್ತದೆ. ಮೂರು ಸಾವಿರ ರೂಪಾಯಿಗೂ ಕಡಮೆ ಬೆಲೆಗೆ ನಾನು ಕೊಂಡು ತಂದದ್ದು ಈ ಬಗೆಯದು. ಇದರ ಬೆನ್ನು ಒಡೆದಿದೆಯೆಂದು ತಿಳಿದು ಪಕ್ಕದ ಮನೆಯ ಹುಡುಗ ಮರುಕಪಟ್ಟದ್ದೂ ಉಂಟು.

ಇದೇನೂ ನಿನ್ನೆ ಮೊನ್ನೆಯ ಉಪಾಯವಲ್ಲ. ಅಮೆರಿಕದ ನಥಾನಿಯೆಲ್ ಬಾಲ್ಡ್ವಿನ್ 1910ರಲ್ಲಿ ತಯಾರಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಕೊಂಡಿತು. ಅದು ನಿಸ್ತಂತುವಾಗಿ ಬರುವ ರೇಡಿಯೋ ಸಂಕೇತಗಳನ್ನು ಕೇಳುವುದಕ್ಕಾಗಿ. ಸಂಗೀತವನ್ನು ಎರಡು ಕಿವಿಗೆ ಎರಡು ಬಗೆಯಾಗಿ ಕೇಳಿಸುವ ಸ್ಟೀರಿಯೋ ಹೆಡ್‌ಫೋನನ್ನು ಜಾನ್ ಕಾಸ್ 1958ರಲ್ಲಿ ಜನರ ಮುಂದಿಟ್ಟರು. ಆಮೇಲೆ ಹತ್ತು ವರ್ಷಕ್ಕೆ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಹಳದಿ ಸ್ಪಂಜನ್ನು ಕಿವಿಗೊತ್ತುವ, ಹಿಂಬದಿ ತೆರೆದಿರುವ, ಹಗುರವಾದ ಹೆಡ್‌ಫೋನನ್ನು ಹೊರತಂದಿತು. ಎಚ್‌ಡಿ 414 ಎಂಬುದು ಅದರ ಹೆಸರು. ಇಂದಿನ ಅಗ್ಗದ ತೆರೆದ ಹೆಡ್‌ಫೋನುಗಳೆಲ್ಲ ಅದರ ಸಂತಾನವೆಂದೇ ಹೇಳಬಹುದು.

ಬೆನ್ನು ತೆರೆದರೆ ಆಗುವುದೇನು? ಬಟ್ಟಲಿನೊಳಗಿನ ತೆಳುವಾದ ಪೊರೆಯೊಂದು ಮುಂದಕ್ಕೂ ಹಿಂದಕ್ಕೂ ಅಲುಗಿ ಸದ್ದನ್ನು ಹುಟ್ಟಿಸುತ್ತದೆ. ಅದು ಕಿವಿಯ ಕಡೆಗೆ ಗಾಳಿಯನ್ನು ನೂಕುವಾಗ ಹಿಂದಿನ ಗಾಳಿಯನ್ನು ಸೆಳೆಯುತ್ತದೆ. ಎಂದರೆ ಹಿಂಬದಿಯಲ್ಲಿಯೂ ಒಂದು ಹಾಡು ನಡೆದೇ ಇರುತ್ತದೆ. ಮುಚ್ಚಿದ ಬಟ್ಟಲಿನಲ್ಲಿ ಆ ಹಿಂಬದಿಯ ಹಾಡು ಗೋಡೆಗೆ ಬಡಿದು ಮರಳುತ್ತದೆ. ಬೆಲೆಬಾಳುವ ಹೆಡ್‌ಫೋನಿನಲ್ಲಿ ಅದನ್ನು ಹೀರಿಕೊಳ್ಳುವ ಏರ್ಪಾಡಿರುತ್ತದೆ. ಅಗ್ಗದ್ದರಲ್ಲಿ ಕೊಡದೊಳಗೆ ಮುಖವಿಟ್ಟು ಮಾತನಾಡಿದಂತೆ ಕೇಳಿಸುವುದೇ ಹೆಚ್ಚು. ಬೆನ್ನು ತೆರೆದಿದ್ದರೆ ಆ ಹಾಡು ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ. ಆದುದರಿಂದಲೇ ಕಡಮೆ ಹಣಕ್ಕೆ ನಿರ್ಮಲವಾದ ನಾದ ಬೇಕೆನ್ನುವವರು ಇದನ್ನು ಕೊಳ್ಳುತ್ತಾರೆ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಸೆಕೆಂಡಿಗೆ 5,000 ಸಲ ಕಂಪಿಸುವ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಸೆಂಟಿಮೀಟರು ಉದ್ದ. 50 ಸಲ ಕಂಪಿಸುವ ಸದ್ದಿನ ಅಲೆ ಸುಮಾರು 7 ಮೀಟರು. ಇಷ್ಟು ನೀಳವಾದ ಅಲೆಗೆ ಅಂಗೈಯಗಲದ ಬಟ್ಟಲು ಯಾವ ಲೆಕ್ಕ? ಹಿಂದಿನದು ಸುತ್ತಿಬಂದು ಮುಂದಿನದನ್ನು ಕೂಡುತ್ತದೆ. ಒಂದು ನೂಕುವುದು, ಇನ್ನೊಂದು ಸೆಳೆಯುವುದು. ಕೂಡಿದಾಗ ಎರಡೂ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಹೀಗೆ ತಗ್ಗಿನ ನಾದಗಳು ಸೊರಗುತ್ತವೆ. ಯಾವ ಸಂಗೀತಕ್ಕೆ ಈ ಸಾಧನ ಒಗ್ಗುತ್ತದೆ, ಯಾವುದಕ್ಕೆ ಒಗ್ಗದು ಎಂಬುದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ತಂಬೂರಿಯನ್ನು ತೆಗೆದುಕೊಳ್ಳಿ. ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ನೂಲನ್ನು ಸಿಕ್ಕಿಸುತ್ತಾರೆ. ನೂಲು ಸರಿಯಾದ ಜಾಗದಲ್ಲಿ ನಿಂತಾಗ ಒಂದು ತಂತಿಯಿಂದ ಹಲವು ಉಪಸ್ವರಗಳು ಜೇನ್ನೊಣಗಳಂತೆ ಮೇಲೇಳುತ್ತವೆ. ತೆರೆದ ಹೆಡ್‌ಫೋನಿನಲ್ಲಿ ಅವನ್ನು ಒಂದೊಂದಾಗಿ ಬಿಡಿಸಿ ಕೇಳಬಹುದು. ವೀಣೆಯೂ ಹಾಗೆಯೇ. ಮೈಸೂರಿನ ದೊರೆಸ್ವಾಮಿ ಅಯ್ಯಂಗಾರರ ವಾದನದಲ್ಲಿ ಮೀಟು ಮುಗಿದ ಮೇಲೆ ಎಡಗೈ ಬೆರಳು ತಂತಿಯನ್ನು ಎಳೆದು, ಸ್ವರವು ಆರುವ ಮುನ್ನ ಅದಕ್ಕೆ ಕೊಡುವ ಕೊನೆಯ ಬಾಗು ಇದೆಯಲ್ಲ, ಅದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕೇಳಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಒಂದು ತಾನಕ್ಕೂ ಮತ್ತೊಂದಕ್ಕೂ ನಡುವೆ ಉಸಿರೆಳೆದುಕೊಳ್ಳುವುದೂ ತಿಳಿಯುತ್ತದೆ. ಭಾವಗೀತೆಯಂತೂ ಇದಕ್ಕೆಂದೇ ಹುಟ್ಟಿದಂತಿದೆ. ಸ, ಶ, ಷಗಳನ್ನು ಒಂದರಿಂದೊಂದು ಬೇರ್ಪಡಿಸುವ ಸೀಳುಸದ್ದು ಇರುವುದು ಎತ್ತರದ ಕಂಪನಗಳಲ್ಲಿ; ಮಹಾಪ್ರಾಣವನ್ನು ಅಲ್ಪಪ್ರಾಣದಿಂದ ಬೇರೆ ಮಾಡುವುದು ಒಂದು ಉಸಿರು ಮಾತ್ರ. ಗಾಯಕನ ಕನ್ನಡ ಎಂಥದೆಂಬುದನ್ನು ಈ ಸಾಧನ ಮುಚ್ಚಿಡುವುದಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದು ಸುಖವೂ ಹೌದು, ಕೆಲವೊಮ್ಮೆ ದುಃಖವೂ ಹೌದು!

ಪಾಶ್ಚಾತ್ಯರ ವಾದ್ಯಮೇಳಕ್ಕೂ ಇದು ಹಿತ. ಪಿಟೀಲುಗಳು ಎಡಗಡೆ, ದೊಡ್ಡ ಚೆಲ್ಲೋಗಳು ಬಲಗಡೆ, ಕೊಳಲು ನಡುವೆ ತುಸು ಹಿಂದೆ ಎಂದು ಕಣ್ಣುಮುಚ್ಚಿ ಬೆರಳಿಟ್ಟು ತೋರಿಸಬಹುದು. ಆದರೆ ಇದಕ್ಕೆ ಧ್ವನಿಮುದ್ರಣವೂ ಸಹಕರಿಸಬೇಕು. ಮೈಸೂರಿನ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಧನಸಹಾಯವಿತ್ತು, ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಾದಕರ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸಿದರು. ಕನ್ನಡ ನಾಡಿನ ಹಣದಿಂದ ಉಳಿದುಬಂದ ಆ ಸಂಗೀತವನ್ನು ನಾನು ಆಸೆಯಿಂದ ಕೇಳಿದೆ. ಸ್ಟೀರಿಯೋ ಬಳಕೆಗೆ ಬರುವ ಮುಂಚಿನ ಮುದ್ರಣವಾದುದರಿಂದ ಪಿಯಾನೋ ತಲೆಯ ನಡುವೆಯೇ ನಿಲ್ಲುತ್ತದೆ. ತಟ್ಟೆಯ ಗೀರುಸದ್ದು ಮಾತ್ರ ಎಂದಿಗಿಂತ ನಿಚ್ಚಳ.

ಡೊಳ್ಳು ಕುಣಿತಕ್ಕೆ ಇದು ತಕ್ಕುದಲ್ಲ. ಈಗಿನ ಚಲನಚಿತ್ರಗೀತೆಗಳಲ್ಲಿ ಎದೆಗೆ ಗುದ್ದುವ ಯಂತ್ರವಾದ್ಯಗಳಿರುತ್ತವೆ, ಅವಕ್ಕೂ ಅಲ್ಲ. ನನ್ನ ಮೊಮ್ಮಗ ಇದನ್ನು ಒಂದೇ ನಿಮಿಷ ಧರಿಸಿ, “ತಾತ, ಇದರಲ್ಲಿ ಉಪ್ಪಿಲ್ಲ” ಎಂದು ಹಿಂದಿರುಗಿಸಿದ. ಅವನ ಹಾಡಿಗೆ ಅವನ ತೀರ್ಪು ಸರಿಯಾಗಿಯೇ ಇದೆ. ಮೃದಂಗದ ವಿಷಯ ವಿಚಿತ್ರ: ಕರಣೆ ಹಾಕಿದ ಬಲಮುಖ ಗಣಗಣನೆ ಕೇಳುತ್ತದೆ, ರವೆಯ ಕಣಕ ಮೆತ್ತಿದ ಎಡಮುಖದ ಗುಂಭ ಅರ್ಧಕ್ಕಿಳಿಯುತ್ತದೆ.

ಬಸ್ಸಿನಲ್ಲಿ ಇದನ್ನು ಧರಿಸುವುದು ಬೇಡ. ಹೊರಗಿನ ಗದ್ದಲವನ್ನು ಮೀರಿಸಲು ಸದ್ದನ್ನು ಏರಿಸುತ್ತಲೇ ಹೋಗಬೇಕಾಗುತ್ತದೆ. ದೊಡ್ಡವರಿಗೆ 80 ಡೆಸಿಬೆಲ್, ನಿಮ್ಮಂಥ ಎಳೆಯರಿಗೆ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆಯ ಒಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ಮಿತಿ. ಇದು ನಿಶ್ಶಬ್ದವಾದ ಮನೆಗೆ ಹೇಳಿದ್ದು.

ನಮ್ಮ ಮನೆ ಈಗ ನಿಶ್ಶಬ್ದವಾಗಿಯೇ ಇದೆ. ಮೂರು ವರ್ಷಗಳ ಹಿಂದೆ ನನ್ನಾಕೆಗೆ ಪಾರ್ಶ್ವವಾಯು ತಗುಲಿತು. ಅಂದಿನಿಂದ ಆಕೆಯ ದನಿ ಬಹಳ ಕ್ಷೀಣವಾಗಿದೆ. ರಾತ್ರಿ ಆಕೆ “ಏನೂಂದ್ರೆ” ಎಂದು ಕರೆದರೆ ಅದು ನನ್ನನ್ನು ಮುಟ್ಟಬೇಕು. ಮುಚ್ಚಿದ ಹೆಡ್‌ಫೋನು ಧರಿಸಿ ಕೂರುವ ಧೈರ್ಯ ನನಗಿರಲಿಲ್ಲ. ಒಂದು ವರ್ಷ ಸಂಗೀತವನ್ನೇ ಬಿಟ್ಟಿದ್ದೆ. ಇದು ಬಂದ ಮೇಲೆ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತೇನೆ. ತೊಟ್ಟಿಕ್ಕುವ ನಲ್ಲಿಯ ಸದ್ದು ಕೇಳುತ್ತದೆ, ಆಕೆ ಮಗ್ಗುಲು ಬದಲಿಸಿದ್ದು ಕೇಳುತ್ತದೆ, ನಡುವೆ ವೀಣೆಯೂ ಕೇಳುತ್ತದೆ.

ಒಂದು ರಾತ್ರಿ ಆಕೆ ಮಲಗಿದ್ದಲ್ಲಿಂದಲೇ, “ಇದು ಕಾನಡ ಅಲ್ಲವೇ?” ಎಂದಳು. ಬಾಲ್ಯದಲ್ಲಿ ವೀಣೆ ಕಲಿತವಳು ಆಕೆ. ಹೊರಗೆ ಸೋರುವುದು ಸಂಗೀತದ ಮೇಲಿನ ಕೆನೆ ಮಾತ್ರ. ಅಷ್ಟರಿಂದಲೇ ರಾಗವನ್ನು ಹಿಡಿದಿದ್ದಳು. ನಾನು ಹೆಡ್‌ಫೋನನ್ನು ತೆಗೆದು ದಿಂಬಿನ ಮೇಲೆ ಆಕೆಯ ಕಿವಿಯ ಬಳಿ ಇಟ್ಟೆ. ಕೀರ್ತನೆ ಮುಗಿದು ತನಿ ಆವರ್ತನ ಮೊದಲಾಯಿತು. ಸ್ವಲ್ಪ ಹೊತ್ತು ಕೇಳಿ, “ಮೃದಂಗದವರ ಎಡಗೈ ಎಲ್ಲಿ ಹೋಯಿತು?” ಎಂದು ಕೇಳಿದಳು. ಮರುದಿನ ಬೆಳಗ್ಗೆ ಕಾಫಿಯಾದ ಮೇಲೆ ನಡುಮನೆಯ ದೊಡ್ಡ ಸ್ಪೀಕರಿನಲ್ಲಿ ಆ ತನಿಯನ್ನು ಮೊದಲಿನಿಂದ ಹಾಕಿದೆ.