ಬಳೆ ಕೊಡುವ ಮುನ್ನ ದೋಣಿಯ ಅಡಿ ನೋಡಿ

ಕುಂದಾಪುರದ ಹೊಳೆಬದಿಯಲ್ಲಿ ನಿಂತು ಎದುರು ದಡವನ್ನು ನೋಡಿದ್ದೀರಾ? ತೆಂಗಿನ ಸಾಲಿನ ನಡುವೆ ಕಾಣುವ ಆ ಊರೇ ಗಂಗೊಳ್ಳಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಬಸ್ಸಿನವರು ಹೆಮ್ಮಾಡಿ, ಮುಳ್ಳಿಕಟ್ಟೆ ಸುತ್ತಿಕೊಂಡೇ ಹೋಗಬೇಕು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತವೆ.

ಕಳೆದ ಜೂನ್‌ನಲ್ಲಿ ನಾನು, ನನ್ನ ತಂಗಿ ಮತ್ತು ಅವಳ ಗಂಡ ಆ ಬಸ್ಸಿನಲ್ಲಿದ್ದೆವು. ಗಲ್ಫ್ ಬಿಟ್ಟು ಬಂದ ಮೇಲೆ ಆತ ಬೇರೆಯವರ ದೋಣಿಯಲ್ಲಿ ಪಾಲಿಗೆ ದುಡಿಯುತ್ತಿದ್ದ. ಈಗ ಸ್ವಂತಕ್ಕೊಂದು ಹಳೆಯ ಫೈಬರ್ ನಾಡದೋಣಿ ಕೊಳ್ಳುವ ಆಸೆ. ಅರ್ಧ ಹಣ ಕೈಯಲ್ಲಿತ್ತು. ಉಳಿದರ್ಧ ತಂಗಿಯ ಕೈಯಲ್ಲಿದ್ದ ನಾಲ್ಕು ಬಳೆಗಳು. ಅವು ಮಹರ್ ಆಗಿ ಬಂದವು. ಮಹರ್ ಹೆಣ್ಣಿನ ಸ್ವಂತ ಸೊತ್ತು, ಕೊಡುವುದೂ ಬಿಡುವುದೂ ಅವಳ ಇಷ್ಟವೆಂದು ನಿಮಗೆ ಗೊತ್ತೇ ಇದೆ. "ಬಂದರಿನಲ್ಲಿ ನಿಮಗೇನು ಕೆಲಸ?" ಎಂದು ಆತ ಕೇಳಿದಾಗ ತಂಗಿ, "ನನ್ನ ಬಳೆ ಹೋಗುವ ಜಾಗವನ್ನು ನಾನು ನೋಡಬೇಡವೇ?" ಎಂದಳು.

ಹಳೆಯ ದೋಣಿ ನೋಡಲು ಮಳೆಗಾಲವೇ ಒಳ್ಳೆಯ ಸಮಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಸಣ್ಣ ಎಂಜಿನ್‌ನ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ, ಕಡಲಿನ ಅಬ್ಬರ ಇಳಿಯುವವರೆಗೆ ಅವೂ ದಡದಲ್ಲೇ ಇರುತ್ತವೆ. ನೀರಿನಲ್ಲಿರುವ ದೋಣಿ ತನ್ನ ಅಡಿಯನ್ನು ತೋರಿಸುವುದಿಲ್ಲ. ದಡಕ್ಕೆಳೆದ ದೋಣಿ ಎಲ್ಲವನ್ನೂ ತೋರಿಸುತ್ತದೆ. ನೋಡಲು ತಿಳಿದಿರಬೇಕು, ಅಷ್ಟೆ.

ನಮ್ಮ ಜೊತೆ ಫೈಬರ್ ಕೆಲಸದ ಮೇಸ್ತ್ರಿಯೊಬ್ಬರು ಬಂದಿದ್ದರು. ಮೊದಲು ನೋಡಿದ ದೋಣಿಗೆ ಹೊಸ ಬಣ್ಣ, ಫಳಫಳ ಹೊಳೆಯುತ್ತಿತ್ತು. ತಂಗಿಯ ಗಂಡನಿಗೆ ನೋಡಿದೊಡನೆ ಇಷ್ಟವಾಯಿತು. ಮೇಸ್ತ್ರಿ ಮಾತಾಡದೆ ಉಳಿಯ ಮರದ ಹಿಡಿಯಿಂದ ಅಡಿಯುದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು. ಒಂದೆಡೆ ನೆನೆದ ಹಲಗೆಯಂತೆ ಮಂಕಾಗಿ ದಬ್ ಎಂದಿತು. "ಒಳಗೆ ಪದರ ಬಿಟ್ಟಿದೆ" ಎಂದರು. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಯನ್ನು ಒತ್ತಿ ಅಲ್ಲಾಡಿಸಿದರು. ಫೈಬರಿನ ಒಳಗಿನ ಪ್ಲೈವುಡ್ ಕೊಳೆತಿದ್ದರೆ ಅದು ಬಾಗುತ್ತದೆ. ಇದು ಬಾಗಿತು. ಎಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ನಾವು ಬರುವ ಮುನ್ನವೇ ಓಡಿಸಿಟ್ಟಿದ್ದರು. ತಣ್ಣಗಿರುವ ಎಂಜಿನ್ ಚಾಲೂ ಆಗುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆಯಂತೆ. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿತ್ತು. ಎಂದರೆ ಒಳಗೆ ನೀರು ಸೇರಿದೆ. ಮಾರುವವರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ಎರಡನೆಯದು ಬಣ್ಣ ಮಾಸಿದ ದೋಣಿ. ಮಾಲಕರು ವಯಸ್ಸಾದ ಖಾರ್ವಿ ಮೀನುಗಾರರು. ನಾವು ಕೇಳುವ ಮೊದಲೇ ಬಗ್ಗಿ ಅಡಿಯಲ್ಲಿ ಅಂಗೈಯಗಲದ ತೇಪೆ ತೋರಿಸಿದರು. "ಕಾಣಿ ಅಮ್ಮ, ಇಲ್ಲಿ ಬಂಡೆ ತಾಗಿ ಒಡೆದಿತ್ತು. ಆಮೇಲೆ ಹೇಳಲಿಲ್ಲ ಎನ್ನಬೇಡಿ."

ನನಗೆ ಅಲ್ ಕಹ್ಫ್ ಅಧ್ಯಾಯದ ದೋಣಿ ನೆನಪಾಯಿತು. ಒಳ್ಳೆಯ ದೋಣಿಗಳನ್ನೆಲ್ಲ ಕಸಿಯುವ ದೊರೆಯಿಂದ ಬಡವರ ದೋಣಿಯನ್ನು ಉಳಿಸಿದ್ದು ಅದಕ್ಕೆ ಮಾಡಿದ ಊನವೇ ಅಲ್ಲವೇ? ಮಾಲಿನ ದೋಷವನ್ನು ಮುಚ್ಚಿಡದೆ ಮಾರಬೇಕೆಂದು ಮದ್ರಸದಲ್ಲಿ ನಾನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಆ ಪಾಠವನ್ನು ಕಣ್ಣಾರೆ ಕಂಡದ್ದು ಗಂಗೊಳ್ಳಿಯ ಆ ಮಳೆಯಲ್ಲಿ, ಬೇರೆ ಸಮುದಾಯದ ಒಬ್ಬ ಹಿರಿಯರಲ್ಲಿ.

ಗಂಡಸರು ಕೇಳದ ಪ್ರಶ್ನೆಯನ್ನು ತಂಗಿ ಕೇಳಿದಳು. "ಇಷ್ಟು ಒಳ್ಳೆಯ ದೋಣಿಯನ್ನು ಯಾಕೆ ಮಾರುತ್ತೀರಿ?" ಅವರು ಮೊಣಕಾಲು ತೋರಿಸಿದರು. ಮಗ ಬೆಂಗಳೂರಿನಲ್ಲಿದ್ದಾನೆ, ದೋಣಿ ದಡದಲ್ಲೇ ಒಣಗುವುದನ್ನು ನೋಡಲಾಗುವುದಿಲ್ಲ ಎಂದರು. ಮೇಸ್ತ್ರಿ ಇಡೀ ಅಡಿಯನ್ನು ತಟ್ಟಿದರು. ತೇಪೆಯ ಜಾಗವೂ ಟಣ್ ಎಂದಿತು.

ಬೆಲೆ ಕಡಿಮೆ ಇದ್ದುದರಿಂದ ಎರಡು ಬಳೆಗಳಲ್ಲೇ ಮುಗಿಯಿತು. ಅವನ್ನು ಬಿಚ್ಚುವ ಮೊದಲು ತಂಗಿ, "ಇದು ಸಾಲ. ಬರೆದುಕೊಡಿ" ಎಂದಳು. ಗಂಡನ ಮುಖ ಸಣ್ಣದಾಯಿತು. ಸಾಲವನ್ನು ಬರೆದಿಡಲು ಅಲ್ಲಾಹನೇ ಹೇಳಿರುವಾಗ ಇದರಲ್ಲಿ ಅವಮಾನವೇನಿದೆ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಆತ ಆಮೇಲೆ ಬರೆದ.

ಕಾಗದ ಪತ್ರದ ವಿಷಯ ಮರೆಯಬೇಡಿ. 2008ರ ಮುಂಬೈ ದಾಳಿಯ ನಂತರ ಕಡಲಲ್ಲಿ ತಪಾಸಣೆ ಬಿಗಿಯಾಗಿದೆ. ದೋಣಿಯ ಮೇಲೆ ಬರೆದ ನೋಂದಣಿ ಸಂಖ್ಯೆಯೂ ಪುಸ್ತಕದಲ್ಲಿರುವುದೂ ಒಂದೇ ಆಗಿರಬೇಕು. ಲೈಸನ್ಸ್ ಇದೆಯೇ, ದೋಣಿಯ ಮೇಲೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಾಲ ಬಾಕಿ ಇದೆಯೇ ಎಂದು ವಿಚಾರಿಸಿ. ಮೀನುಗಾರಿಕೆ ಇಲಾಖೆಯಲ್ಲಿ ಹೆಸರು ಬದಲಾಗುವವರೆಗೆ ಪೂರ್ತಿ ಹಣ ಕೊಡಬೇಡಿ. 2023ರ ನವೆಂಬರ್‌ನಲ್ಲಿ ಇದೇ ಗಂಗೊಳ್ಳಿಯಲ್ಲಿ ಬೆಂಕಿ ಬಿದ್ದು ಹಲವು ದೋಣಿಗಳು ಸುಟ್ಟುಹೋದವು. ದಡದಲ್ಲಿರುವ ದೋಣಿಗೂ ಅಪಾಯ ತಪ್ಪಿದ್ದಲ್ಲ.

ಆಗಸ್ಟ್‌ನಲ್ಲಿ ದೋಣಿ ಹೊಸ ಹೆಸರಿಗೆ ಬಂದು ನೀರಿಗಿಳಿಯಿತು. ಬರೆದುಕೊಟ್ಟ ಕಾಗದ ಈಗಲೂ ತಂಗಿಯ ಕಪಾಟಿನಲ್ಲಿದೆ. ಸುಬ್‌ಹಿಗೆ ಮೊದಲೇ ಗಂಡ ಹೊರಟ ದಿನ ಅವಳಿಗೆ ಭಯವಿಲ್ಲವೆಂದಲ್ಲ. ಆದರೆ ದೋಣಿಯ ಅಡಿಯನ್ನು ಅವಳೇ ನೋಡಿದ್ದಾಳೆ.

ಸಹೋದರಿಯರೇ, ದೋಣಿಯಾಗಲಿ, ಆಟೋ ಆಗಲಿ, ಅಂಗಡಿಯಾಗಲಿ, ನಿಮ್ಮ ಬಂಗಾರ ಕೇಳಿದರೆ ಖಂಡಿತ ಕೊಡಿ, ಮನಸ್ಸಿದ್ದರೆ. ಕೊಡುವ ಮುನ್ನ ಒಮ್ಮೆ ನೀವೂ ಜೊತೆಗೆ ಹೋಗಿ ನೋಡಿ ಬನ್ನಿ.