ಏಳರಲ್ಲಿ ನಮ್ಮದು ಎಷ್ಟನೇ ಮನೆ?

ಬೆಕ್ಕು ಮರಿ ಹಾಕಿದ ಮೇಲೆ ಏಳು ಮನೆ ತಿರುಗಿಸುತ್ತದೆ ಎಂಬ ಮಾತನ್ನು ನಮ್ಮ ಕಡೆ ಸುಳ್ಳೆಂದವರಿಲ್ಲ. ಎಣಿಸಿ ನೋಡಿದವರೂ ಇಲ್ಲ. ನಾಯಿಗೆ, ಗಂಡುಬೆಕ್ಕಿಗೆ ಹೆದರಿ ತಾಯಿ ತನ್ನ ಮರಿಗಳನ್ನು ಅಟ್ಟದಿಂದ ಸೌದೆ ಮನೆಗೆ, ಅಲ್ಲಿಂದ ಪಕ್ಕದವರ ಹುಲ್ಲಿನ ಬಣವೆಗೆ ಸಾಗಿಸುತ್ತಲೇ ಇರುತ್ತದೆ. ಆ ತಾಯಿಯೇ ಇಲ್ಲದಾಗ ಮಿಕ್ಕ ಮನೆಗಳ ಲೆಕ್ಕ ಯಾರು ತುಂಬಬೇಕು? ಮಧುಗಿರಿಯಲ್ಲಿ ಆ ಕೆಲಸ, ಯಾರೂ ವಹಿಸದಿದ್ದರೂ, ನಮ್ಮ ಮನೆಗೆ ಬಂದಿದೆ.

ಬೆಂಗಳೂರಿನಲ್ಲಾದರೆ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಿವೆ. ಅದು ಶುರುವಾದದ್ದು 1991ರಲ್ಲೇ. ನಮ್ಮೂರಲ್ಲಿರುವುದು ಗೋಣಿಚೀಲ. ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕಂತೆ. ಈಗಿನ ಚಿನ್ನದ ರೇಟಿನಲ್ಲಿ ಆ ಪಾಪ ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಬೇಡದ ಮರಿಗಳನ್ನು ಚೀಲದಲ್ಲಿ ಕಟ್ಟಿ ಪಕ್ಕದೂರಿನಲ್ಲಿ ಬಿಟ್ಟು ಬರುತ್ತಾರೆ. ಪಕ್ಕದೂರಿನವರೂ ಅದನ್ನೇ ಮಾಡುವುದರಿಂದ ಯಾವ ಊರಿಗೂ ನಷ್ಟವಿಲ್ಲ.

ಅಂಥದೊಂದು ಚೀಲ ಕಡಲೆಕಾಯಿ ಮಿಲ್ಲಿನ ಹಿಂದೆ ಸಿಕ್ಕಿತೆಂದು ನನ್ನ ಶಾಲೆಯ ಹುಡುಗರು ತಂದುಕೊಟ್ಟರು. ನಾಲ್ಕು ಮರಿ, ಕಣ್ಣು ಬಿಟ್ಟಿರಲಿಲ್ಲ. ನಾನು ಟೀಚರು. ಮಧುಗಿರಿ ಲೋಕಕ್ಕೆ ತಾಲ್ಲೂಕಾದರೂ ನಮ್ಮ ಇಲಾಖೆಗೆ ಜಿಲ್ಲೆ. ಶಿರಾ, ಕೊರಟಗೆರೆ, ಪಾವಗಡ ಸೇರಿಸಿಕೊಂಡ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಬೇರೆ, ನಾವು ಬೇರೆ. ಮರಿ ನಾಲ್ಕು, ತಾಲ್ಲೂಕು ನಾಲ್ಕು. ಮಗಳು ಹೆಸರಿಟ್ಟೇಬಿಟ್ಟಳು.

ಅಲ್ಲಿಂದಾಚೆ ನಮ್ಮ ಮನೆಮಾತು ಹೊರಗಿನವರಿಗೆ ಕೆಡಿಪಿ ಸಭೆಯಂತೆ ಕೇಳತೊಡಗಿತು. “ಪಾವಗಡಕ್ಕೆ ಇನ್ನೂ ಹಾಲು ತಲುಪಿಲ್ಲ.” “ಕೊರಟಗೆರೆಗೆ ಭೇದಿ.” ಭೇದಿಗೆ ಕಾರಣ ಹಸುವಿನ ಹಾಲು. ಡಾಕ್ಟರು ಅದನ್ನು ಬಿಡಿಸಿ ಬೆಕ್ಕಿನ ಮರಿಗೆಂದೇ ಬರುವ ಪುಡಿ ಬರೆದುಕೊಟ್ಟರು. ನಾದಿನಿ ಬೆಂಗಳೂರಿನಿಂದ ಬಸ್ಸಿನಲ್ಲಿ ಕಳಿಸಿದಳು. ಸೂಜಿ ತೆಗೆದ ಸಿರಿಂಜಿನಲ್ಲಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಬೇಕು, ಅದೂ ಬೋರಲಾಗಿಟ್ಟುಕೊಂಡು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರಷ್ಟೇ ಉಚ್ಚೆ. ಮೊದಲ ಮೂರು ವಾರ ಅವಕ್ಕೆ ತಾವಾಗಿ ಬಾರದು, ತಾಯಿ ನೆಕ್ಕಿ ಮಾಡಿಸಬೇಕು. ಶ್ರೀವೈಷ್ಣವರು ದೇವರ ಕೃಪೆಯನ್ನು ವಿವರಿಸಲು ಮಾರ್ಜಾಲ ನ್ಯಾಯ ಹೇಳುತ್ತಾರೆ: ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ದಾಟಿಸುತ್ತದೆ. ಆ ವಾದ ಹೂಡಿದ ಆಚಾರ್ಯರಿಗೆ ದೇವರ ಕಡೆಯ ಕಷ್ಟ ಯಾರೂ ಹೇಳಿದಂತಿಲ್ಲ.

ಒರೆಸುವ ಖಾತೆ ಅತ್ತೆಯವರದು. ಬೆಕ್ಕೆಂದರೆ ಅವರಿಗೆ ಆಗದು. “ನಾಯಿ ಮನೆತುಂಬ ಮಕ್ಕಳಾಗ್ಲಿ ಅಂತ ಬೇಡ್ಕೊಳುತ್ತೆ, ತುತ್ತು ಜಾಸ್ತಿ ಸಿಗುತ್ತೆ ಅಂತ. ಬೆಕ್ಕು ಮನೆಯೋರ ಕಣ್ಣು ಹೋಗ್ಲಿ ಅನ್ನುತ್ತೆ ಕಣಮ್ಮ, ಹಾಲು ಸಿಗುತ್ತೆ ಅಂತ.” ಇದನ್ನು ಅವರು ಹೇಳುತ್ತಿದ್ದುದು ರಾತ್ರಿ ಎರಡು ಗಂಟೆಗೆ, ತಮ್ಮ ಹಳೇ ಸೀರೆಯ ಚೂರನ್ನು ಬಿಸಿನೀರಿಗೆ ಅದ್ದುತ್ತಾ, ಪೊರೆ ತೆಗೆಸಿಕೊಂಡ ಹೊಸ ಕಣ್ಣುಗಳಲ್ಲಿ ಪಾವಗಡದ ಹೊಟ್ಟೆ ಪರೀಕ್ಷಿಸುತ್ತಾ. ಮರಿಗಳು ಕಣ್ಣು ಬಿಟ್ಟಾಗ ನಾಲ್ಕರದೂ ನೀಲಿ. ಮೊದಲಿಗೆ ಎಲ್ಲ ಮರಿಗಳದೂ ಹಾಗೇ ಎಂದರೆ ಅವರು ಒಪ್ಪಲಿಲ್ಲ. ಇವು ಜಾತಿಬೆಕ್ಕು ಎಂದು ಬೀದಿಗೆಲ್ಲ ಸಾರಿ ಬಂದರು.

ಹೆಸರಿನ ಗುಣವೋ ಏನೋ, ಮಧುಗಿರಿ ಕೂತ ಕಡೆ ಏಕಶಿಲೆ. ಪಾವಗಡ ಭೂಪಟದಲ್ಲಿ ಆಂಧ್ರದೊಳಗೆ ನುಗ್ಗಿ ಕೂತಿದೆಯಲ್ಲ, ನಮ್ಮದೂ ಅಷ್ಟೇ, ಸದಾ ಪಕ್ಕದ ಕಾಂಪೌಂಡಿನೊಳಗೆ.

ಎರಡು ತಿಂಗಳು ತುಂಬಿದ ಮೇಲೆ ವರ್ಗಾವಣೆ. ಕೌನ್ಸೆಲಿಂಗ್ ನಡೆಸಿದವರು ಅತ್ತೆ. ಶಿರಾ ಪಾವಗಡಕ್ಕೆ ಹೋಯಿತು, ಪಾವಗಡ ಕೊರಟಗೆರೆಗೆ. ಕೊರಟಗೆರೆಯನ್ನು ಕಗ್ಗಲಡುವಿನ ಮನೆಯೊಂದು ಕೇಳಿತ್ತು. ಶಿರಾ ತಾಲ್ಲೂಕಿನ ಆ ಊರು ತನ್ನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳಿಗೆ ಬಾಣಂತನ ಮಾಡುವ ಊರು, ನಮ್ಮ ವೃತ್ತಿಬಾಂಧವರು. ಆದರೆ ಗೂಡಿನಿಂದ ಕೊಕ್ಕರೆ ಮರಿ ಬಿದ್ದರೆ ಇದು ಬಿಟ್ಟೀತೇ? ಅತ್ತೆ ಅರ್ಜಿ ತಿರಸ್ಕರಿಸಿ, ಶಿರಾ ಪೇಟೆಯ ದಿನಸಿ ಅಂಗಡಿಗೆ ಇಲಿ ಕಾಯುವ ಹುದ್ದೆಗೆ ಕಳಿಸಿದರು. ಮಧುಗಿರಿ ಮಧುಗಿರಿಯಲ್ಲೇ ಇದೆ, ದಂಡಿನ ಮಾರಮ್ಮನ ಗುಡಿಯ ಕಡೆಯವರೊಬ್ಬರ ಮನೆಯಲ್ಲಿ. ಮೊನ್ನೆ ಸಂತೆಗೆ ಹೋಗುವಾಗ ಅವರ ಜಗಲಿಯ ಮೇಲಿತ್ತು. ಹೆಸರು ಹಿಡಿದು ಕರೆದೆ. ನನ್ನನ್ನು ಇಡಿಯಾಗಿ ಒಮ್ಮೆ ನೋಡಿ, ಕಾಲು ನೆಕ್ಕಿಕೊಳ್ಳಲು ಶುರುಮಾಡಿತು. ಜತೆಗಿದ್ದ ಮಗಳು ಮನೆ ತಲುಪುವವರೆಗೆ ಮಾತಾಡಲಿಲ್ಲ.

ಅತ್ತೆ ಈಗಲೂ ರಾತ್ರಿ ಎರಡಕ್ಕೆ ಏಳುತ್ತಾರೆ. ಅಡುಗೆಮನೆಯ ದೀಪ ಹಾಕಿ, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮಲಗುತ್ತಾರೆ. ಕೇಳಿದರೆ ಶುಗರ್ ಅನ್ನುತ್ತಾರೆ.

ಹೆಣ್ಣು ಮರಿ ಒಯ್ದವರಿಗೆಲ್ಲ ಐದಾರು ತಿಂಗಳಿಗೇ ಆಪರೇಷನ್ ಮಾಡಿಸಿ ಎಂದು ಹೇಳಿಯೇ ಕಳಿಸಿದ್ದೆ. ಪಾವಗಡವನ್ನು ಒಯ್ದ ಕೊರಟಗೆರೆಯವರು ಮನಸ್ಸು ಮಾಡಲಿಲ್ಲ: “ಪಾಪ, ಒಂದು ಬಾಣಂತನ ಆದ್ರೂ ಆಗ್ಲಿ ಮೇಡಂ.” ಆಯಿತು. ಕಳೆದ ಭಾನುವಾರ ರಟ್ಟಿನ ಡಬ್ಬದಲ್ಲಿ ಅದರ ಮೂರು ಮರಿಗಳನ್ನು ತಂದು, ನೀವೇ ಎಲ್ಲಾದರೂ ಸೇರಿಸಿ ಅಂದರು. ತಾಯಿಗೆ ಮೊದಲು ಆಪರೇಷನ್, ಆಮೇಲೆ ಮಾತು ಎಂದು ನಾನು ಕರಾರು ಹಾಕುತ್ತಿರುವಾಗಲೇ ಡಬ್ಬ ಒಳಗೆ ಹೋಗಿತ್ತು.

“ತಾಲ್ಲೂಕು ಮುಗಿದ್ವಲ್ಲಜ್ಜಿ, ಇವಕ್ಕೇನು ಹೆಸರು?” ಮಗಳು ಕೇಳಿದಳು.

“ಹೋಬಳಿಗಳಿಲ್ವೇನೇ? ಆ ಮಿಡಿಗೇಶಿನ ಇಲ್ಲಿ ಕೊಡು, ಪುರವರದ ತಟ್ಟೆಗೆ ಬಾಯಿ ಹಾಕ್ತಿದೆ.”